ಒಂದು ಕಿವಿ ಫೋನಿಗೆ, ಒಂದು ಕಿವಿ ಅಂಗಡಿಗೆ

ದೊಮ್ಮಲೂರಿನ ಹಳೆಯ ಊರೊಳಗೆ, ಮೇಲ್ಸೇತುವೆಯ ಸದ್ದು ಕೇಳಿಯೂ ಕೇಳದಂಥ ಒಂದು ಬೀದಿಯಲ್ಲಿ, ಎರಡು ಕುರ್ಚಿಗಳ ಸಲೂನ್ ಒಂದಿದೆ. ನನ್ನ ತಂದೆ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದಂದಿನಿಂದ ಪ್ರತಿದಿನ ಬೆಳಿಗ್ಗೆ ಅಲ್ಲಿಗೆ ಹೋಗಿ ದಿನಪತ್ರಿಕೆ ಓದುತ್ತಿದ್ದರು. ತಮಗಾಗಿ ಓದುವುದನ್ನು ಅವರು ಮನೆಯಲ್ಲೇ ಕಾಫಿಯ ಜೊತೆ ಮುಗಿಸಿರುತ್ತಿದ್ದರು. ಸಲೂನಿನಲ್ಲಿ ಓದುತ್ತಿದ್ದುದು ಇತರರಿಗಾಗಿ, ಗಟ್ಟಿಯಾಗಿ.

ಕೇಳುವವರೆಲ್ಲ ಅಕ್ಷರ ಬಾರದವರೆಂದು ಯಾರೂ ಭಾವಿಸಬಾರದು. ಸಲೂನಿನ ಮಾಲೀಕರು ತಮಿಳು ಓದಬಲ್ಲರು. ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುವ ಸಾಹೇಬರು, ಶಿವಾಜಿನಗರದಲ್ಲಿ ಬಹುಕಾಲ ಮೋಟಾರು ರಿಪೇರಿ ಮಾಡಿದವರು, ಉರ್ದು ಓದಬಲ್ಲರು. ಬಾಗಿಲ ಹೊರಗೆ ಬುಟ್ಟಿಯಿಟ್ಟುಕೊಂಡು ಹೂ ಕಟ್ಟುವ ಅಕ್ಕ, ನಮ್ಮ ಬೀದಿಯವರೇ, ಯಾವ ಲಿಪಿಯನ್ನೂ ಕಲಿಯಲಿಲ್ಲ. ಮೂವರೂ ಕನ್ನಡವನ್ನು ನಿರಾಯಾಸವಾಗಿ ಆಡುತ್ತಾರೆ, ಜಗಳಕ್ಕಂತೂ ಅದನ್ನೇ ಆರಿಸಿಕೊಳ್ಳುತ್ತಾರೆ. ಕನ್ನಡದ ಅಕ್ಷರವಷ್ಟೇ ಅವರ ಕೈಗೆ ಬಂದಿರಲಿಲ್ಲ. ಹೀಗಾಗಿ ಆ ಅಂಗಡಿಗೆ ಒಂದು ಪತ್ರಿಕೆಯೂ ಅದನ್ನು ಓದುವ ಒಬ್ಬ ಮನುಷ್ಯನೂ ಬೇಕಾಗಿದ್ದರು.

ಓದು ಎಂದೆ, ಆ ಮಾತನ್ನು ಸ್ವಲ್ಪ ತಿದ್ದಬೇಕು. ಪತ್ರಿಕೆಯಲ್ಲಿ ‘ನಾಳೆ ನೀರು ಪೂರೈಕೆಯಲ್ಲಿ ವ್ಯತ್ಯಯ’ ಎಂದು ಅಚ್ಚಾಗಿದ್ದರೆ ಅಪ್ಪನ ಬಾಯಿಂದ ಬರುತ್ತಿದ್ದುದು “ನಾಳೆ ನೀರು ಬರಲ್ಲ, ಇವತ್ತೇ ಹಿಡ್ಕೊಂಡ್ಬಿಡಿ” ಎಂದು. ‘ಅಧಿಕಾರಿಗಳು ಕಳವಳ ವ್ಯಕ್ತಪಡಿಸಿದ್ದಾರೆ’ ಎಂಬುದು “ಆಫೀಸರ್‌ಗಳು ತಲೆ ಮೇಲೆ ಕೈ ಹೊತ್ಕೊಂಡು ಕೂತವ್ರೆ” ಎಂದಾಗುತ್ತಿತ್ತು. ಮಾಲೀಕರ ಮುಖ ನೋಡಿ ಒಂದು ತಮಿಳು ಪದ, ಸಾಹೇಬರ ಮುಖ ನೋಡಿ ಒಂದು ದಖನಿ ಪದ ಸೇರಿಸುತ್ತಿದ್ದರು. ಒಂದು ಸುದ್ದಿ ಮುಗಿಯುವ ಮುನ್ನ ಮೂರು ತಕರಾರುಗಳು ಎದ್ದಿರುತ್ತಿದ್ದವು. ತಕರಾರು ಇತ್ಯರ್ಥವಾಗದೆ ಮುಂದಿನ ಸುದ್ದಿಗೆ ಹೋಗಬಾರದೆಂಬುದು ಅಲ್ಲಿಯ ಅಲಿಖಿತ ನಿಯಮ. ಅರ್ಧ ಕ್ಷೌರವಾಗಿ ಕುಳಿತ ಗಿರಾಕಿಗಳು ನಿಯಮಕ್ಕೆ ತಲೆಬಾಗಿ ಕಾಯುತ್ತಿದ್ದರು.

ಎಲ್ಲರ ಜೇಬಿನಲ್ಲೂ ಫೋನ್ ಇದ್ದ ಕಾಲವೇ ಅದು. ಸುದ್ದಿಯೆಲ್ಲ ಫೋನಿನಲ್ಲೇ ಬರುವಾಗ ಇಲ್ಲಿಗೇಕೆ ಬರುತ್ತೀರೆಂದು ನಾನು ಸಾಹೇಬರನ್ನು ಒಮ್ಮೆ ಕೇಳಿದೆ.

“ಅಲ್ಲಿ ಕಿರಿಚ್ತಾರೆ ಬೇಟಿ,” ಎಂದರು ಅವರು. “ನಿಮ್ಮಪ್ಪನ್ನಾದ್ರೆ ಮಧ್ಯದಲ್ಲಿ ನಿಲ್ಸಿ ಬೈಬೋದು. ಫೋನಲ್ಲಿರೋನ್ನ ಬೈದ್ರೆ ಅವನಿಗೆ ಕೇಳ್ಸುತ್ತಾ?”

ಕಾಲೇಜಿನ ಚರ್ಚಾಕೂಟಗಳಲ್ಲಿ ‘ತಂತ್ರಜ್ಞಾನ ವರವೋ ಶಾಪವೋ’ ಎಂಬ ವಿಷಯದ ಮೇಲೆ ಎರಡೂ ಪಕ್ಷಗಳಲ್ಲಿ ನಿಂತು ಮಾತನಾಡಿದ ನನಗೆ, ಇಷ್ಟು ಗಟ್ಟಿಯಾದ ವಾದ ಯಾವ ಪಕ್ಷದಲ್ಲೂ ಹೊಳೆದಿರಲಿಲ್ಲ. ಇಂದಿರಾನಗರದಲ್ಲಿ ನಾವು ಕೆಲವರು ಸೇರಿ ನಡೆಸುವ ಓದುಮನೆಯ ಸಭೆಗಳಲ್ಲಿ ನಾನು ಆ ಮಾತನ್ನು ಹಲವು ಸಲ ಬಳಸಿಕೊಂಡಿದ್ದೇನೆ. ಮನೆಬಾಗಿಲಿಗೆ ಎಲ್ಲವೂ ಬರತೊಡಗಿದಾಗ ನಾವು ಇನ್ನೊಬ್ಬರ ಬಾಗಿಲಿಗೆ ಹೋಗುವುದು ನಿಲ್ಲುತ್ತದೆ. ಆದ್ದರಿಂದ ಪ್ರತಿಯೊಂದು ಅನುಕೂಲವನ್ನೂ ಅದು ಯಾರನ್ನು ಯಾರಿಂದ ದೂರಮಾಡುತ್ತದೆ ಎಂದು ಕೇಳಿಯೇ ಒಪ್ಪಿಕೊಳ್ಳಬೇಕು. ಇದು ನನ್ನ ಅಭಿಪ್ರಾಯವಾಗಿತ್ತು. ಈಗಲೂ ಇದೆ. ಆದರೆ ಅದಕ್ಕೆ ಇನ್ನೊಂದು ಅರ್ಧ ಉಂಟೆಂದು ತಿಳಿದದ್ದು ಅಪ್ಪನ ಕಣ್ಣು ಮಬ್ಬಾದ ಮೇಲೆ.

ಕಣ್ಣಿನ ಒಳಪರದೆಯ ನಟ್ಟನಡುವಿನ ಭಾಗ ಸವೆಯುವ ಕಾಯಿಲೆ ಅದು. ಸುತ್ತಲಿನದು ಕಾಣುತ್ತದೆ, ನೋಡಹೊರಟದ್ದು ಮಾತ್ರ ಕಾಣುವುದಿಲ್ಲ. ಪತ್ರಿಕೆ ಹಿಡಿದರೆ ಅಂಚುಗಳು ಕಾಣುತ್ತಿದ್ದವು, ಓದಬೇಕಾದ ಸಾಲಿನ ಮೇಲೆ ಬೂದು ಬಣ್ಣದ ಮಚ್ಚೆಯೊಂದು ಕುಳಿತಿರುತ್ತಿತ್ತು. ಎದುರಿಗೆ ನಿಂತರೆ ನನ್ನ ಕೂದಲೂ ಭುಜವೂ ಕಾಣುತ್ತವೆ, ಮುಖ ಕಾಣುವುದಿಲ್ಲ ಎಂದರು. ಇನ್ನಷ್ಟು ಕೆಡದಂತೆ ನೋಡಿಕೊಳ್ಳಬಹುದು, ಹೋದದ್ದು ಮರಳುವುದಿಲ್ಲ ಎಂದು ವೈದ್ಯರು ಮೆಲ್ಲಗೆ ತಿಳಿಸಿದರು.  ಹಿಂತಿರುಗುವಾಗ ಆಟೋ ಹಲಸೂರಿನ ಕೆರೆ ದಾಟಿದ ಮೇಲೆ ಅಪ್ಪ “ಸಾಬರಿಗೆ ಹೇಳ್ಬೇಡ” ಎಂದಷ್ಟೇ ಅಂದರು.

ಮರುದಿನದಿಂದ ಅವರು ಸಲೂನಿಗೆ ಹೋಗಲಿಲ್ಲ. ಮೊದಲು ಮಂಡಿನೋವೆಂದರು. ಆಮೇಲೆ ಟ್ಯಾಂಕಿನ ಕೊಳಾಯಿ ನೋಡಬೇಕೆಂದರು. ಬೀದಿಗೆ ಹೋಗಬೇಕಾದರೆ ಸಲೂನು ಸಿಗದ ಸುತ್ತುದಾರಿಯಲ್ಲಿ ಹೋಗತೊಡಗಿದರು. ಅಡುಗೆಮನೆಯಲ್ಲಿ ಅಮ್ಮ ನನಗೆ ಹೇಳಿದರು: “ಕಣ್ಣು ಹೋಯ್ತಲ್ಲ ಅಂತ ಅಲ್ಲ ಕಣೇ ಅವರ ಸಂಕಟ. ಓದಕ್ಕಾಗದೆ ಇರೋನಿಗೆ ಅಲ್ಲೇನು ಕೆಲ್ಸ ಅಂತ. ಸುಮ್ನೆ ಬೆಂಚ್ ಮೇಲೆ ಕೂರೋ ಜನ ಅಲ್ಲ ಅವರು.”

ಅಮ್ಮನ ಮಾತು ಸರಿಯಾಗಿತ್ತು. ಅಂಗಡಿಯ ಒಳಗಿನ ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿ ಅಪ್ಪನದೆಂದು ಎಲ್ಲರೂ ಒಪ್ಪಿದ್ದರು. ಅದನ್ನು ಅವರು ದಿನದಿನವೂ ಓದಿ ಸಂಪಾದಿಸಿದ್ದರು. ಈಗ ಕನಿಕರಕ್ಕಾಗಿ ಅದರಲ್ಲಿ ಕೂರುವುದಕ್ಕಿಂತ ಮನೆಯಲ್ಲಿ ಗೋಡೆ ನೋಡುವುದು ಮೇಲೆಂದು ಅವರು ತೀರ್ಮಾನಿಸಿದ್ದರು. ದಿನಕಳೆದಂತೆ ಮಾತು ಕಡಿಮೆಯಾಯಿತು. ಎಲ್ಲದರಲ್ಲೂ ತಕರಾರು ತೆಗೆಯುತ್ತಿದ್ದವರು ಸಾರಿನಲ್ಲಿ ಉಪ್ಪಿಲ್ಲದಿದ್ದರೂ ಉಂಡು ಏಳತೊಡಗಿದಾಗ ನನಗೆ ನಿಜಕ್ಕೂ ಭಯವಾಯಿತು.

ದಾರಿ ಕಂಡದ್ದು ಹೂವಿನ ಅಕ್ಕನ ಬಳಿ. ಹೂ ಕೊಂಡು ಫೋನಿನಲ್ಲಿ ಹಣ ಕಳಿಸಿದೆ. ಬುಟ್ಟಿಯ ಪಕ್ಕದ ಪುಟ್ಟ ಡಬ್ಬಿ ಅಚ್ಚುಕಟ್ಟಾದ ಕನ್ನಡದಲ್ಲಿ ಹಣ ಬಂತೆಂದು ಸಾರಿತು. ಅಕ್ಕ ನನ್ನ ಫೋನಿನ ಕಡೆ ತಿರುಗಿಯೂ ನೋಡಲಿಲ್ಲ.

“ಈ ಡಬ್ಬಿ ಬರೋಕ್ಮುಂಚೆ ಎಲ್ರೂ ಫೋನ್ ತಂದು ಮುಖಕ್ಕೆ ಹಿಡಿಯೋರು, ನೋಡಕ್ಕ ನೋಡಕ್ಕ ಅಂತ,” ಎಂದರು ದಾರಕ್ಕೆ ಹೂ ಪೋಣಿಸುತ್ತಾ. “ನಾನೇನ್ ನೋಡ್ಲಿ? ಓದಕ್ಕೆ ಬಂದ್ರೆ ತಾನೆ? ಈಗ ನೋಡು, ಅದೇ ಬಾಯ್ಬಿಟ್ಟು ಹೇಳ್ತದೆ. ಅದ್ಸರಿ, ಎಲ್ಲಿ ನಿಮ್ಮಪ್ಪ? ಮಂಡಿನೋವಿಗೆ ಬಾಯೂ ಕಟ್ಕೊಂಡ್ಬಿಡ್ತಾ?”

ನಾನು ಏನೋ ಉತ್ತರಿಸಿ ಮನೆಗೆ ಬಂದೆ. ಆ ಡಬ್ಬಿಯನ್ನು ನೂರಾರು ಸಲ ಕೇಳಿದ್ದರೂ ಅದು ಲೆಕ್ಕ ಇಡುವ ಉಪಕರಣವೆಂದೇ ನಾನು ತಿಳಿದಿದ್ದೆ. ಓದಲಾರದ ಒಬ್ಬರನ್ನು ಪೇಟೆಯ ನಡುವೆ ಯಾರ ಹಂಗೂ ಇಲ್ಲದೆ ಕೂರಿಸಿದ ಸಾಧನ ಅದೆಂದು ಅಂದು ಅರಿವಾಯಿತು. ಅಕ್ಷರ ನುಡಿಯಾಗುವುದಾದರೆ ಅಪ್ಪನಿಗೇಕೆ ಆಗಬಾರದು?

ಅಪ್ಪನ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಏರ್ಪಾಡು ಮೊದಲಿನಿಂದಲೂ ಇತ್ತು, ನಾನು ತೆರೆದಿರಲಿಲ್ಲ ಅಷ್ಟೆ. ಪತ್ರಿಕೆಯ ಪುಟವನ್ನು ಇದ್ದಂತೆಯೇ ತೋರಿಸುವ ಆವೃತ್ತಿಯನ್ನು ತೆರೆದು ಕೇಳಿಸಿದೆ. ಫೋನು “ಚಿತ್ರ” ಎಂದಿತು. ಪುಟ ಮಗುಚಿದರೆ ಮತ್ತೆ “ಚಿತ್ರ”. ಕಣ್ಣುಳ್ಳವರಿಗೆ ಸಾಕ್ಷಾತ್ ಪತ್ರಿಕೆಯಾಗಿದ್ದದ್ದು ಅದಕ್ಕೆ ಬರಿಯ ಪಟ. ಇದರ ಬಗ್ಗೆ ಪತ್ರಿಕೆಯ ಕಚೇರಿಗೆ ಬರೆದೆ, ಮುಂದೆಯೂ ಬರೆಯುವವಳಿದ್ದೇನೆ. ಎಲ್ಲರಿಗೂ ಸೇರಬೇಕಾದ ಸುದ್ದಿಯನ್ನು ಕಣ್ಣುಳ್ಳವರಿಗಷ್ಟೇ ಕಟ್ಟಿಕೊಡುವುದು ನ್ಯಾಯವಲ್ಲ. ಅದೇ ಪತ್ರಿಕೆಯ ಜಾಲತಾಣದಲ್ಲಿ ಸುದ್ದಿಗಳು ಬರಹವಾಗಿಯೇ ಇದ್ದವು. ಅದನ್ನು ತೆರೆದೊಡನೆ ಒಂದು ಹೆಣ್ಣುದನಿ ತಡವರಿಸದೆ ಓದತೊಡಗಿತು. ಅಪ್ಪ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಎರಡು ಸುದ್ದಿ ಕೇಳಿದ ಮೇಲೆ ಶರಟು ಬದಲಾಯಿಸಲು ಎದ್ದರು.

ನಾವಿಬ್ಬರೂ ಸಲೂನಿಗೆ ಹೋದೆವು. ಅಪ್ಪ ತಮ್ಮ ಕಣ್ಣಿನ ವಿಷಯವನ್ನು ಅಲ್ಲಿ ತಾವೇ ಹೇಳಿದರು, ಒಂದೇ ವಾಕ್ಯದಲ್ಲಿ. ಮಾಲೀಕರು ಕತ್ತರಿ ಕೆಳಗಿಟ್ಟರು. ಯಾರಾದರೂ ಏನಾದರೂ ಅನ್ನುವ ಮೊದಲೇ ಅಪ್ಪ “ಅದಿರ್ಲಿ, ಕೇಳಿ ಇದನ್ನ” ಎಂದು ಫೋನನ್ನು ಕನ್ನಡಿಯ ಕೆಳಗಿನ ಹಲಗೆಯ ಮೇಲಿಟ್ಟರು. ನಾನು ದನಿ ಏರಿಸಿದೆ.

ದನಿ ಓದಿತು. ‘ವ್ಯತ್ಯಯ’ವನ್ನು ವ್ಯತ್ಯಯವೆಂದೇ ಓದಿತು. ‘ಕಳವಳ’ವನ್ನು ಕಳವಳವೆಂದೇ ಓದಿತು. ಮೊದಲ ಸುದ್ದಿಯ ನಡುವೆ ಸಾಹೇಬರು ಕೈಯೆತ್ತಿ “ಠೈರೋ, ಠೈರೋ” ಎಂದರು. ಅದು ನಿಲ್ಲಲಿಲ್ಲ. ನಾನು ನಿಲ್ಲಿಸಲು ಹೋದರೆ ಬೆರಳು ಎಲ್ಲೋ ತಗುಲಿ ಬಂಗಾರದ ಧಾರಣೆ ಶುರುವಾಯಿತು.

“ಯಾರಿಗಮ್ಮ ಓದ್ತಾ ಐತೆ ಇದು?” ಎಂದರು ಹೊರಗಿನಿಂದ ಅಕ್ಕ. “ಶ್ರಾದ್ಧದ ಮಂತ್ರ ಇದ್ದಂಗೈತೆ.”

“ಚೆನ್ನಾಗೇ ಓದುತ್ತೆ ಅಕ್ಕ,” ಎಂದು ಮಾಲೀಕರು ಸಮಾಧಾನಕ್ಕೆ ನಿಂತರು. “ಆದ್ರೆ ಅಣ್ಣ, ಇದು ನಮ್ಮನ್ನ ನೋಡಲ್ವಲ್ಲ. ನಮಗೆ ಅರ್ಥ ಆಯ್ತೋ ಇಲ್ವೋ ಅದಕ್ಕೇನು?”

ಯಾರೂ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೂ ಅಪ್ಪ ಫೋನನ್ನು ತಡಕಿ ಎತ್ತಿಕೊಂಡು ನನ್ನ ಕೈಗಿಟ್ಟು “ನಡಿ” ಎಂದರು. ದಾರಿಯಲ್ಲಿ ಅವರ ಹೆಜ್ಜೆ ನನ್ನದಕ್ಕಿಂತ ಬಿರುಸಾಗಿತ್ತು. ಕುರ್ಚಿಯನ್ನು ಮರಳಿ ಪಡೆಯಲು ಒಂದೇ ಸಾಧನವಿತ್ತು. ಅದೇ ಅವರ ಬದಲು ಅದರಲ್ಲಿ ಕುಳಿತು, ಸೋತು, ಅವರನ್ನೂ ಎಬ್ಬಿಸಿಕೊಂಡು ಬಂದಿತ್ತು. 

ಎರಡು ದಿನ ಕಳೆದಿರಬಹುದು. ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದಾಗ ಅಪ್ಪ ಒಳಗಿನಿಂದ ಕೂಗಿದರು: “ಆ ಹೆಂಗಸು ನನ್ನ ಕಿವೀಲಿ ಮಾತ್ರ ಮಾತಾಡೋ ಹಂಗೆ ಮಾಡಕ್ಕಾಗುತ್ತಾ?”

ಆಗುತ್ತದೆ ಎಂದೆ. ಅವರು ಕಾರಣ ವಿವರಿಸಿದರು. ಕಾರ್ಖಾನೆಯ ಗೇಟಿನ ಮುಂದೆ ಕಾರ್ಮಿಕ ಸಂಘದ ಸಭೆ ನಡೆಯುವಾಗ ಮುಖಂಡರೊಬ್ಬರು ತಮಿಳಿನಲ್ಲಿ ಭಾಷಣ ಮಾಡುತ್ತಿದ್ದರಂತೆ. ಪಕ್ಕದಲ್ಲಿ ಅಪ್ಪ ನಿಂತು, ಅವರ ಒಂದು ಮಾತು ಮುಗಿದ ಕೂಡಲೇ ಅದನ್ನು ಕನ್ನಡದಲ್ಲಿ ಹೇಳುತ್ತಿದ್ದರಂತೆ. “ಅವರು ಹೇಳಿದ್ದಕ್ಕೆ ಚಪ್ಪಾಳೆ ಬರ್ತಿರ್ಲಿಲ್ಲ. ನಾನು ಹೇಳಿದ್ಮೇಲೆ ಬರ್ತಿತ್ತು,” ಎಂದು ಸೇರಿಸಿದರು. ಅವರ ಮುಖದಲ್ಲಿ ಹಳೆಯ ತುಂಟತನ ಇಣುಕಿದ್ದನ್ನು ಕಂಡು ನನಗೆ ಕಣ್ಣು ತುಂಬಿತು.

ನನ್ನಲ್ಲಿದ್ದ ಇಯರ್‌ಫೋನು ಎರಡೂ ಕಿವಿ ಮುಚ್ಚುವಂಥದು. ಅಪ್ಪ ಒಲ್ಲೆನೆಂದರು, ಒಂದು ಕಿವಿ ಸುದ್ದಿಗೆ, ಇನ್ನೊಂದು ಜಗಳಕ್ಕೆ ಬೇಕಂತೆ. ಈ ಸಂಗತಿ ನನ್ನಿಂದ ಅಮ್ಮನಿಗೆ, ಅಮ್ಮನಿಂದ ಹೂವಿನ ಅಕ್ಕನಿಗೆ ಹೋಗಿ ಸಾಹೇಬರನ್ನು ತಲುಪಿತು. ಅವರು ಶಿವಾಜಿನಗರಕ್ಕೆ ಹೋಗಿ, ಕಾರು ಓಡಿಸುವವರು ಹಾಕಿಕೊಳ್ಳುವ ಒಂಟಿಕಿವಿಯ ಸಾಧನವನ್ನು ಹುಡುಕಿ ತಂದು ನಮ್ಮ ಮನೆಗೇ ಬಂದು ಕೊಟ್ಟರು.

“ಹಾಕ್ಕೋ ಗುರು,” ಎಂದರು. “ಓದೋನಿಲ್ದೆ ಅಂಗಡೀಲಿ ಬರೀ ಹಾಡು. ಹಾಡಿಗೆ ಯಾವನು ಬೈತಾನೆ?”

ಮನೆಯಲ್ಲಿ ಅಭ್ಯಾಸ ನಡೆಯಿತು. ಕೇಳುಗರು ಅಮ್ಮ. ಮೊದಲಲ್ಲಿ ಎರಡು ದನಿಗಳು ಡಿಕ್ಕಿ ಹೊಡೆಯುತ್ತಿದ್ದವು. ಅಪ್ಪ ಹೇಳಿ ಮುಗಿಸುವುದರೊಳಗೆ ಫೋನು ಮುಂದಕ್ಕೆ ಹೋಗಿರುತ್ತಿತ್ತು. ಎಲ್ಲಿ ಒತ್ತಿದರೆ ನಿಲ್ಲುತ್ತದೆ, ಎಲ್ಲಿ ಒತ್ತಿದರೆ ಹಿಂದಕ್ಕೆ ಬರುತ್ತದೆ ಎಂಬುದನ್ನು ಅವರು ಕಾರ್ಖಾನೆಯ ಯಂತ್ರ ಕಲಿತ ಹಾಗೆಯೇ ಬೆರಳಿನಿಂದ ಕಲಿತರು. ಅಮ್ಮ ಬೀನ್ಸ್ ಮುರಿಯುತ್ತಾ “ಜೋರಾಗಿ ಹೇಳಿ, ನಂಗೊಬ್ಬಳಿಗೇ ಗುಟ್ಟು ಹೇಳ್ತಿದ್ದೀರೇನು?” ಎಂದು ತಿದ್ದುತ್ತಿದ್ದರು.

ಸಲೂನಿಗೆ ಮತ್ತೆ ಹೋದ ಬೆಳಿಗ್ಗೆ ನಾನು ಬಾಗಿಲ ಬಳಿ, ಅಕ್ಕನ ಬುಟ್ಟಿಯ ಪಕ್ಕ ನಿಂತೆ. ಅಪ್ಪ ಕಿಟಕಿಯ ಬಳಿಯ ಕುರ್ಚಿಯಲ್ಲಿ ಕುಳಿತು, ಮಡಿಲಲ್ಲಿ ಅಂದಿನ ಪತ್ರಿಕೆಯನ್ನೂ ಬಿಡಿಸಿಕೊಂಡರು. ಕಾಣದಿದ್ದರೂ ಕೈಗೆ ಕಾಗದ ಬೇಕೆನ್ನಿಸಿತ್ತೇನೋ. ಕೇಳಿಸಿಕೊಂಡರು, ಗಂಟಲು ಸರಿಮಾಡಿಕೊಂಡರು, ಹೇಳಿದರು:

“ಕೆ.ಆರ್. ಪುರ ಕಡೆ ರಸ್ತೆ ಅಗೀತಾರಂತೆ, ಮತ್ತೆ. ಹೋದ್ಸಲ ಅಗೆದಿದ್ದು ಮುಚ್ಚಿಲ್ಲ, ಅದ್ರ ಪಕ್ಕದಲ್ಲೇ. ಸಚಿವ್ರು ಹೇಳವ್ರೆ, ಈ ಸಲ ಬೇಗ ಮುಗಿಸ್ತೀವಿ ಅಂತ. ಬ್ಯಾಟರಿ ಕಮ್ಮಿ ಆಗಿದೆ, ಚಾರ್ಜರ್‌ಗೆ ಹಾಕಿ.”

ಮಾಲೀಕರು ಕೈಯಲ್ಲಿದ್ದ ಕತ್ತಿಯನ್ನು ಎತ್ತಿಹಿಡಿದು ಅಪ್ಪನ ಕಡೆ ತಿರುಗಿದರು.

“ಸಚಿವ್ರಿಗೆ ಬ್ಯಾಟರಿ ಕಮ್ಮೀನಾ?” ಎಂದರು ಸಾಹೇಬರು, ಅತ್ಯಂತ ಗಂಭೀರವಾಗಿ.

“ಮೊದ್ಲಿಂದ್ಲೂ ಕಮ್ಮೀನೇ,” ಎಂದರು ಹೊರಗಿನಿಂದ ಅಕ್ಕ.

ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿ ನಕ್ಕ ರಭಸಕ್ಕೆ ನೊರೆಯೆಲ್ಲ ಅಂಗಿಗೆ ಬಿತ್ತು. ತಮ್ಮ ಬಾಯಿಂದ ಬಂದದ್ದೇನೆಂದು ಅಪ್ಪನಿಗೆ ಆಗ ಹೊಳೆಯಿತು. ಅವರು ಎದ್ದುಬಿಡುತ್ತಾರೆಂದು ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವರು ಏಳಲಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕರು. ಬಹಳ ದಿನಗಳಿಂದ ನಮ್ಮ ಮನೆಯಲ್ಲಿ ಕೇಳದಿದ್ದ ನಗು. ಆಮೇಲೆ, ರಸ್ತೆ ಅಗೆಯುವುದು ಸರಿಯೇ ಎಂಬ ತಕರಾರು ಎದ್ದಿತು. ಮಾಲೀಕರು ಸಚಿವರ ಪಕ್ಷ, ಸಾಹೇಬರು ವಿರೋಧ ಪಕ್ಷ. ಅಪ್ಪ ಬೆರಳಿನಿಂದ ಫೋನನ್ನು ನಿಲ್ಲಿಸಿ, ತಕರಾರು ಇತ್ಯರ್ಥವಾಗುವವರೆಗೆ ಮುಂದಿನ ಸುದ್ದಿಗೆ ಹೋಗಲಿಲ್ಲ.

ಅಂದಿನಿಂದ ಓದಿನ ಲಯ ಬದಲಾಗಿದೆ. ಮುಂಚೆ ಅಪ್ಪ ನೋಡುತ್ತಲೇ ಹೇಳುತ್ತಿದ್ದರು. ಈಗ ಮೊದಲು ಕೇಳಿಸಿಕೊಳ್ಳುತ್ತಾರೆ, ಆಗ ಎಲ್ಲರೂ ಸುಮ್ಮನಿರುತ್ತಾರೆ, ಕತ್ತರಿಯ ಸದ್ದೊಂದೇ ಇರುತ್ತದೆ. ಅವರ ಹುಬ್ಬಿನ ಏರಿಳಿತದಿಂದಲೇ ಸುದ್ದಿ ಒಳ್ಳೆಯದೋ ಕೆಟ್ಟದೋ ಎಂದು ಊಹಿಸುವುದು ಅಂಗಡಿಯ ಹೊಸ ಆಟ. ಬಹುಪಾಲು ಸಲ ಗೆಲ್ಲುವವರು ಮಾಲೀಕರು. ಆ ಮುಖವನ್ನು ಇಷ್ಟು ವರ್ಷ ಕ್ಷೌರ ಮಾಡಿದವರಲ್ಲವೇ.

ಆ ದನಿಯನ್ನು ಕನ್ನಡಕ್ಕೆ ಕಲಿಸಿದವರು ಯಾರೆಂದು ನನಗೆ ತಿಳಿಯದು. ಎಲ್ಲೋ ಒಬ್ಬಾಕೆ ಮುಚ್ಚಿದ ಕೋಣೆಯಲ್ಲಿ ಕುಳಿತು ಸಾವಿರಾರು ವಾಕ್ಯಗಳನ್ನು ಓದಿರಬೇಕು. ಇನ್ಯಾರೋ ಅವನ್ನು ಬಿಡಿಸಿ ಜೋಡಿಸಿರಬೇಕು. ದೊಮ್ಮಲೂರಿನಲ್ಲಿ ಒಬ್ಬ ಮನುಷ್ಯ ತನ್ನ ಕುರ್ಚಿಗೆ ಮರಳಿದನೆಂಬುದು ಅವರಿಗೆ ಎಂದೂ ತಿಳಿಯಲಾರದು. ಅವರಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತೇನೆ. ಅಷ್ಟೇ ಕೃತಜ್ಞತೆಯಿಂದ, ಆ ದನಿಯನ್ನು ನೇರವಾಗಿ ಒಪ್ಪದೆ ಹಿಂದಕ್ಕೆ ಕಳಿಸಿದ ಆ ಮೂವರಿಗೂ ಕೈಮುಗಿಯುತ್ತೇನೆ. ಯಂತ್ರದ ಓದೇ ಸಾಕೆಂದು ಅವರು ಅಂದೇ ಒಪ್ಪಿದ್ದರೆ ಅಂಗಡಿಗೆ ಸುದ್ದಿ ಸಿಗುತ್ತಿತ್ತು, ಅಪ್ಪನಿಗೆ ಕೆಲಸ ಸಿಗುತ್ತಿರಲಿಲ್ಲ. ಓದುಮನೆಯ ಸಭೆಗಳಲ್ಲಿ ನಾನೀಗ ಕೇಳುವ ಪ್ರಶ್ನೆ ಎರಡಾಗಿದೆ: ಈ ಅನುಕೂಲ ಯಾರನ್ನು ದೂರಮಾಡುತ್ತದೆ, ಮತ್ತು ಇದಿಲ್ಲದಿದ್ದರೆ ಯಾರು ದೂರ ಉಳಿಯುತ್ತಾರೆ? ಎರಡನ್ನೂ ಒಟ್ಟಿಗೆ ಕೇಳದೆ ಯಾವ ಉಪಕರಣವನ್ನೂ ಹೊಗಳಬಾರದು, ತೆಗಳಲೂ ಬಾರದು. ನಮ್ಮ ಓದುಮನೆಯಲ್ಲಿ ಈಗ ವಾರಕ್ಕೊಮ್ಮೆ ಕಣ್ಣು ಮಬ್ಬಾದವರಿಗೆ ಫೋನಿನ ಈ ಏರ್ಪಾಡನ್ನು ಕಲಿಸುತ್ತೇವೆ. ಬಂದವರಿಗೆಲ್ಲ ನಾನು ಮೊದಲು ಕೇಳುವುದು, ನೀವು ಕೇಳಿದ್ದನ್ನು ಯಾರಿಗೆ ಹೇಳುತ್ತೀರಿ ಎಂದು.

ಮೊನ್ನೆ ಬೆಳಿಗ್ಗೆ ಅಪ್ಪ ಸ್ನಾನಕ್ಕೆ ಹೋಗಿದ್ದಾಗ ಅವರ ಸಾಧನವನ್ನು ಕುತೂಹಲದಿಂದ ನನ್ನ ಕಿವಿಗೆ ಇಟ್ಟುಕೊಂಡೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದಂಥ ಚಟಪಟ ಸದ್ದು. ಕೆಟ್ಟಿದೆಯೆಂದು ತಿಳಿದು, ರಿಪೇರಿಗೆ ಒಯ್ಯುತ್ತೇನೆ ಎಂದು ಕೂಗಿದೆ.

ಅಪ್ಪ ತಲೆ ಒರೆಸಿಕೊಳ್ಳುತ್ತಾ ಬಂದು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಕಿವಿಗಿಟ್ಟುಕೊಂಡರು. “ಎಂಥ ಕೆಟ್ಟಿರೋದು? ಸ್ಪೀಡ್ ಜಾಸ್ತಿ ಮಾಡ್ಕೊಂಡಿದ್ದೀನಿ. ಅವಳು ರಾಗ ಎಳೀತಾ ಕೂತ್ರೆ ಸಾಬರು ಆ ಸಂದೀಲಿ ಕತೆ ಶುರು ಮಾಡ್ಬಿಡ್ತಾರೆ.”

“ಅಷ್ಟು ಜೋರಾಗಿ ಓಡ್ತಿದ್ರೆ ನಿಮಗೆ ಅರ್ಥ ಆಗುತ್ತಾ ಅಪ್ಪ? ನನಗೆ ಒಂದು ಪದವೂ ತಿಳೀಲಿಲ್ಲ.”

“ನಿಂಗೆ ತಿಳಿಯಲ್ಲ ಬಿಡು,” ಎಂದು ಅಪ್ಪ ಚಪ್ಪಲಿ ಮೆಟ್ಟಿದರು. “ಸಂಜೆ ಪುರ್ಸೊತ್ತಿದ್ರೆ ಬಾ, ಕಲಿಸ್ಕೊಡ್ತೀನಿ.”